ದಲ್ಲಾಳಿಯ ಕಮಿಷನ್‌ನಲ್ಲಿ ಕೊಳ್ಳುವವರ ಪಾಲು: ಲಕ್ಷ್ಮೀ ನಗರ ಮತ್ತು ಸುತ್ತಲಿನ ಮಾರುಕಟ್ಟೆಯ ಒಂದು ಸಮೀಕ್ಷೆ

ಮನೆ ಮಾರಾಟವನ್ನು ಕುದುರಿಸಿಕೊಟ್ಟ ದಲ್ಲಾಳಿ ತನಗೆ ಸಂದ ಕಮಿಷನ್‌ನ ಒಂದು ಭಾಗವನ್ನು ಮನೆ ಕೊಂಡವರಿಗೇ ಮರಳಿಸುವ ಪದ್ಧತಿ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದಲ್ಲಿ ಬಹುಕಾಲದಿಂದ ನಡೆದುಬಂದಿದ್ದರೂ ಅದರ ಬಗ್ಗೆ ಬಹಿರಂಗವಾಗಿ ಚರ್ಚೆ ನಡೆದದ್ದು ಕಡಿಮೆ. ಬೆಂಗಳೂರಿನಲ್ಲಿ ಬ್ರೋಕರ್ ಎನಿಸಿಕೊಳ್ಳುವವರೇ ದೆಹಲಿಯಲ್ಲಿ ಪ್ರಾಪರ್ಟಿ ಡೀಲರ್, ದೊಡ್ಡ ಬಿಲ್ಡರ್‌ಗಳ ಕಡತದಲ್ಲಿ ಚಾನೆಲ್ ಪಾರ್ಟ್ನರ್. ಇವರು ಕೊಳ್ಳುವವರಿಗೆ ಬಿಟ್ಟುಕೊಡುವ ಪಾಲಿಗೆ ವ್ಯಾಪಾರದ ಮಾತಿನಲ್ಲಿ ‘ಪಾಸ್‌ಬ್ಯಾಕ್’ ಎಂಬ ಹೆಸರಿದೆ. ಇದನ್ನು ಕೆಲವರು ಗ್ರಾಹಕರಿಗೆ ಸಿಗುವ ನ್ಯಾಯವಾದ ರಿಯಾಯಿತಿ ಎಂದರೆ, ಮತ್ತೆ ಕೆಲವರು ವೃತ್ತಿಯನ್ನೇ ಕೆಡಿಸುವ ಆಮಿಷ ಎನ್ನುತ್ತಾರೆ. ಎರಡು ಅಭಿಪ್ರಾಯಗಳಿಗೂ ಆಧಾರವಿದೆ. ಆದರೆ ಎರಡೂ ಒಂದೇ ಹೆಸರಿನಡಿ ನಡೆಯುವ ಬೇರೆ ಬೇರೆ ವ್ಯವಹಾರಗಳನ್ನು ಕುರಿತು ಮಾತಾಡುತ್ತಿವೆ. ಕಮಿಷನ್ ಮೊದಲು ಯಾರ ಜೇಬಿನಿಂದ ಹೊರಟಿತು, ದಲ್ಲಾಳಿ ಯಾರ ಪರವಾಗಿ ನಿಂತಿದ್ದಾನೆ, ಹಂಚಿಕೆ ಕಾಗದದ ಮೇಲೆ ಬಂದಿದೆಯೇ ಎಂಬ ಮೂರು ಅಂಶಗಳನ್ನು ಬಿಡಿಸಿ ನೋಡದ ಹೊರತು ಈ ಪದ್ಧತಿಯ ಒಳಿತು ಕೆಡುಕುಗಳನ್ನು ನಿರ್ಣಯಿಸಲಾಗದು.

ಲಕ್ಷ್ಮೀ ನಗರದ ಮಾರುಕಟ್ಟೆ

ಯಮುನೆಯ ಪೂರ್ವ ದಂಡೆಯಲ್ಲಿ, ವಿಕಾಸ ಮಾರ್ಗದ ಅಂಚಿಗೆ ಹಬ್ಬಿರುವ ಲಕ್ಷ್ಮೀ ನಗರ ಚಾರ್ಟರ್ಡ್ ಅಕೌಂಟೆನ್ಸಿ ಪರೀಕ್ಷೆಯ ಕೋಚಿಂಗ್ ಕೇಂದ್ರಗಳಿಗೂ ವಿದ್ಯಾರ್ಥಿಗಳ ಪೇಯಿಂಗ್ ಗೆಸ್ಟ್ ವಸತಿಗಳಿಗೂ ಹೆಸರಾದ ದಟ್ಟ ಬಡಾವಣೆ. 2010ರ ಜನವರಿಯಲ್ಲಿ ಯಮುನಾ ಬ್ಯಾಂಕ್‌ನಿಂದ ಆನಂದ ವಿಹಾರದವರೆಗಿನ ಮೆಟ್ರೋ ಮಾರ್ಗ ತೆರೆದ ಮೇಲೆ ನಗರದ ನಡುಭಾಗ ಇಲ್ಲಿಗೆ ಹತ್ತಿರವಾಯಿತು. ಬಾಡಿಗೆಯ ಬೇಡಿಕೆಯನ್ನು ನೆಚ್ಚಿ ಮನೆ ಕೊಳ್ಳುವವರಿಗೂ, ಸ್ವಂತ ವಾಸಕ್ಕೆ ಕೊಳ್ಳುವ ಮಧ್ಯಮ ವರ್ಗದವರಿಗೂ ಈ ಪ್ರದೇಶ ಆಕರ್ಷಕವಾಯಿತು. ಇಲ್ಲಿ ಕೈ ಬದಲಾಗುವ ಆಸ್ತಿ ಬಹುಮಟ್ಟಿಗೆ ‘ಬಿಲ್ಡರ್ ಫ್ಲೋರ್’, ಅಂದರೆ ಗಜಗಳ ಲೆಕ್ಕದಲ್ಲಿ ಅಳೆಯುವ ಸಣ್ಣ ನಿವೇಶನದ ಮೇಲೆ ಎದ್ದ ಕಟ್ಟಡದ ಒಂದೊಂದು ಮಹಡಿ. ನಿವೇಶನದ ಒಡೆಯ ಮತ್ತು ಬಿಲ್ಡರ್ ಒಪ್ಪಂದ ಮಾಡಿಕೊಂಡು ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುತ್ತಾರೆ. ಕೆಲವು ಮಹಡಿ ಒಡೆಯನಿಗೆ ಉಳಿಯುತ್ತವೆ, ಉಳಿದವನ್ನು ಬಿಲ್ಡರ್ ಮಾರಿಕೊಳ್ಳುತ್ತಾನೆ. ಈ ‘ಕೊಲಾಬರೇಶನ್’ ಕುದುರಿಸುವವನೂ ಅನೇಕ ವೇಳೆ ಅದೇ ಗಲ್ಲಿಯ ಡೀಲರನೇ ಆಗಿರುತ್ತಾನೆ, ಮುಂದೆ ಬಿಲ್ಡರನ ಪಾಲಿನ ಮಹಡಿಗಳಿಗೆ ಗಿರಾಕಿ ತರುವವನೂ ಅವನೇ.

ಇಂತಹ ಮಾರಾಟದಲ್ಲಿ ಡೀಲರ್ ಎರಡೂ ಕಡೆಯಿಂದ ದಲಾಲಿ ಪಡೆಯುವುದು ರೂಢಿ. ದರ ಸಾಮಾನ್ಯವಾಗಿ ಪ್ರತಿಯೊಬ್ಬರಿಂದ ಶೇ. 1ರಿಂದ 2ರ ನಡುವೆ ಇದ್ದು, ಕಟ್ಟುನಿಟ್ಟಾದ ದರಪಟ್ಟಿ ಎಲ್ಲಿಯೂ ಇಲ್ಲ. 80 ಲಕ್ಷ ರೂಪಾಯಿಗೆ ಒಂದು ಮಹಡಿ ಮಾರಾಟವಾಗಿ, ಎರಡೂ ಕಡೆಯವರು ಶೇ. 1ರಂತೆ ಕೊಡಲು ಒಪ್ಪಿದ್ದಾರೆಂದು ಭಾವಿಸಿದರೆ ಡೀಲರನಿಗೆ ತಲಾ 80,000ದಂತೆ 1,60,000 ರೂಪಾಯಿ ಬರಬೇಕು. ಮುಂಗಡ ಹಣವಾದ ಬಯಾನಾ ಕೊಡುವ ಹೊತ್ತಿಗೆ ಕೊಳ್ಳುವವರು ಬೆಲೆಯಲ್ಲಿ ಐವತ್ತು ಸಾವಿರ ಕಡಿಮೆಯಾಗದೆ ಒಪ್ಪುವುದಿಲ್ಲವೆಂದು ಪಟ್ಟು ಹಿಡಿದು, ಮಾರುವವರೂ ಇಳಿಯದಿದ್ದರೆ, ವ್ಯವಹಾರ ಮುರಿದು ಬೀಳದಿರಲೆಂದು ಡೀಲರ್ ತನ್ನ ದಲಾಲಿಯಲ್ಲಿ ನಲವತ್ತು ಸಾವಿರ ಬಿಡಲು ಒಪ್ಪುತ್ತಾನೆ. ಇಲ್ಲಿ ಹಂಚಿಕೆ ಎಂಬುದು ಹೆಸರಿಗೆ ಮಾತ್ರ. ಕೊಳ್ಳುವವರು ತಾವೇ ಕೊಡಬೇಕಿದ್ದ ಶುಲ್ಕವನ್ನು ಚೌಕಾಸಿ ಮಾಡಿ ಇಳಿಸಿಕೊಂಡಿದ್ದಾರೆಯೇ ಹೊರತು ಬೇರೆಯವರ ಹಣ ಅವರ ಕೈಗೆ ಬಂದಿಲ್ಲ. ಇದರಲ್ಲಿ ಗುಟ್ಟಾಗಲಿ ಮೋಸವಾಗಲಿ ಇಲ್ಲ; ಸೇವೆಯ ಬೆಲೆಯನ್ನು ಸೇವೆ ಪಡೆಯುವವರೇ ನೇರವಾಗಿ ಗೊತ್ತುಮಾಡಿಕೊಂಡಂತಾಗುತ್ತದೆ.

ಆದರೆ ಡೀಲರನೇ ಆ ಕಟ್ಟಡಕ್ಕೆ ಹಣ ಹೂಡಿದ್ದರೆ, ಅಥವಾ ಮಾರುವವರಿಗೆ ಒಂದು ಕನಿಷ್ಠ ಬೆಲೆಯ ಭರವಸೆ ಕೊಟ್ಟು ಅದರ ಮೇಲೆ ಬಂದದ್ದೆಲ್ಲ ತನ್ನದೆಂದು ಒಪ್ಪಂದ ಮಾಡಿಕೊಂಡಿದ್ದರೆ, ಚಿತ್ರವೇ ಬದಲಾಗುತ್ತದೆ. ಆಗ ಅವನು ಬಿಟ್ಟಂತೆ ತೋರಿಸುವ ನಲವತ್ತು ಸಾವಿರ ಬೆಲೆಯೊಳಗೆ ಮೊದಲೇ ಸೇರಿಸಿಟ್ಟ ಲಾಭದ ಒಂದು ಚೂರು. ರಿಯಾಯಿತಿ ಪಡೆದೆನೆಂಬ ಸಮಾಧಾನ ಕೊಳ್ಳುವವರನ್ನು ಬೆಲೆಯ ಕುರಿತು ಮತ್ತಷ್ಟು ವಿಚಾರಿಸದಂತೆ ತಡೆಯುತ್ತದೆ.

ನೊಯ್ಡಾ–ಗುರುಗ್ರಾಮದ ಹೊಸ ಯೋಜನೆಗಳು

ಲಕ್ಷ್ಮೀ ನಗರದಿಂದ ಕೆಲವೇ ಕಿಲೋಮೀಟರ್ ಆಚೆಯ ಉತ್ತರ ಪ್ರದೇಶದ ನೊಯ್ಡಾದಲ್ಲಿಯೂ, ಇನ್ನೂ ದೂರದ ಹರಿಯಾಣದ ಗುರುಗ್ರಾಮದಲ್ಲಿಯೂ ವ್ಯವಹಾರದ ಸ್ವರೂಪ ಬೇರೆ. ಅಲ್ಲಿನ ಬಹುಮಹಡಿ ಯೋಜನೆಗಳಲ್ಲಿ ಹೊಸ ಫ್ಲಾಟು ಕೊಳ್ಳುವವರಿಂದ ಚಾನೆಲ್ ಪಾರ್ಟ್ನರ್ ಸಾಮಾನ್ಯವಾಗಿ ಏನನ್ನೂ ಕೇಳುವುದಿಲ್ಲ. ಕಮಿಷನ್ ಕೊಡುವವನು ಬಿಲ್ಡರ್. ದರ ಶೇ. 2ರಿಂದ 5ರ ಆಸುಪಾಸಿನಲ್ಲಿದ್ದು, ಮಾರಾಟ ಮಂದವಾದಾಗ ಏರುತ್ತದೆ. ಸೇವೆ ಉಚಿತ ಎಂದು ಕೊಳ್ಳುವವರಿಗೆ ತೋರಿದರೂ ಆ ಖರ್ಚು ಫ್ಲಾಟಿನ ಬೆಲೆಯಲ್ಲಿ ಅಡಗಿರುತ್ತದೆ. 2019ರ ಏಪ್ರಿಲ್ 1ರಿಂದ ನಿರ್ಮಾಣ ಹಂತದ ಮನೆಗಳಿಗೆ ಶೇ. 5ರ, ಕಡಿಮೆ ಬೆಲೆಯ ಮನೆಗಳಿಗೆ ಶೇ. 1ರ ಜಿಎಸ್‌ಟಿ ಜಾರಿಗೆ ಬಂದಾಗ, ಬಿಲ್ಡರ್ ತಾನು ಕೊಂಡ ಸರಕು ಸೇವೆಗಳ ಮೇಲೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಸೌಲಭ್ಯ, ಅಂದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಇಲ್ಲವಾಯಿತು. ಹೀಗಾಗಿ ನೋಂದಾಯಿತ ದಲ್ಲಾಳಿಯ ಬಿಲ್ಲಿನ ಮೇಲೆ ಬೀಳುವ ಶೇ. 18ರ ಜಿಎಸ್‌ಟಿ ಕೂಡ ಬಿಲ್ಡರನ ವೆಚ್ಚವಾಗಿ ಉಳಿದು, ಕೊನೆಗೆ ಬೆಲೆಯ ಮೂಲಕ ಮನೆ ಕೊಳ್ಳುವವರನ್ನೇ ತಲುಪುತ್ತದೆ.

ಒಂದು ಕೋಟಿ ರೂಪಾಯಿಯ ಫ್ಲಾಟಿಗೆ ಶೇ. 3ರ ಕಮಿಷನ್ ಎಂದರೆ 3 ಲಕ್ಷ ರೂಪಾಯಿ. ಅದರ ಮೇಲಿನ ಜಿಎಸ್‌ಟಿ 54,000 ರೂಪಾಯಿ. ಚಾನೆಲ್ ಪಾರ್ಟ್ನರ್ ಇದರಲ್ಲಿ ಅರ್ಧವನ್ನು, ಅಂದರೆ ಒಂದೂವರೆ ಲಕ್ಷವನ್ನು, ಪಾಸ್‌ಬ್ಯಾಕ್ ಎಂದು ಕೊಳ್ಳುವವರಿಗೆ ಕೊಟ್ಟರೆ ಅವರ ಹಣದ ಒಂದು ಭಾಗ ಸುತ್ತಿ ಬಳಸಿ ಅವರಿಗೇ ಮರಳಿತೆಂದು ಹೇಳಬೇಕು. ಬಿಲ್ಡರ್‌ಗಳು ಇದನ್ನು ಸಾಮಾನ್ಯವಾಗಿ ಇಷ್ಟಪಡುವುದಿಲ್ಲ. ಒಂದೇ ಮಹಡಿಯ ಎರಡು ಫ್ಲಾಟುಗಳು ಬೇರೆ ಬೇರೆ ನಿಜಬೆಲೆಗೆ ಹೋದವೆಂಬ ಸುದ್ದಿ ಹರಡಿದರೆ ಪ್ರಕಟಿತ ದರಕ್ಕೆ ಬೆಲೆ ಉಳಿಯುವುದಿಲ್ಲ. ಬಿಲ್ಡರನ ಸ್ವಂತ ಮಾರಾಟ ಕಚೇರಿಗೆ ನೇರವಾಗಿ ಹೋದವರಿಗೆ ಸಿಗದ ರಿಯಾಯಿತಿ ದಲ್ಲಾಳಿಯ ಮೂಲಕ ಬಂದವರಿಗೆ ಸಿಗುವ ವಿಚಿತ್ರ ಸ್ಥಿತಿಯೂ ಇದರಿಂದಲೇ ಹುಟ್ಟುತ್ತದೆ. ಬಿಲ್ಡರ್ ಅಧಿಕೃತವಾಗಿ ಬೆಲೆ ಇಳಿಸದೆ, ದಲ್ಲಾಳಿಯ ಕಮಿಷನ್ ಏರಿಸಿ ಅವನ ಕೈಯಿಂದ ರಿಯಾಯಿತಿ ಕೊಡಿಸುವುದೂ ಉಂಟು. ಆಗ ಪಾಸ್‌ಬ್ಯಾಕ್ ಎಂಬುದು ಮರೆಯಲ್ಲಿ ನಡೆದ ಬೆಲೆ ಇಳಿತ.

ಕಾನೂನಿನ ವ್ಯಾಪ್ತಿ ಮತ್ತು ಮೌನ

2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಜನರ ಮಾತಿನ ರೇರಾ, 2017ರ ಮೇ 1ರಂದು ಪೂರ್ಣವಾಗಿ ಜಾರಿಗೆ ಬಂದಿತು. ಕೊಳ್ಳುವವರು ಮತ್ತು ಮಾರುವವರನ್ನು ಯಾವುದೇ ಮಾಧ್ಯಮದ ಮೂಲಕ ಪರಿಚಯಿಸಿ ಶುಲ್ಕ ಪಡೆಯುವ ಡೀಲರ್, ಬ್ರೋಕರ್, ಮಧ್ಯವರ್ತಿಗಳನ್ನೆಲ್ಲ ಈ ಕಾಯ್ದೆ ಏಜೆಂಟ್ ಎಂಬ ವ್ಯಾಖ್ಯೆಯೊಳಗೆ ತಂದಿದೆ. 9ನೆಯ ಸೆಕ್ಷನ್ ಅವರ ನೋಂದಣಿಯನ್ನು ಕಡ್ಡಾಯಗೊಳಿಸಿದರೆ, 10ನೆಯ ಸೆಕ್ಷನ್ ಲೆಕ್ಕಪತ್ರ ಇಡುವುದು, ನೋಂದಣಿಯಾಗದ ಯೋಜನೆಯನ್ನು ಮಾರದಿರುವುದು, ಸುಳ್ಳು ಭರವಸೆ ಕೊಡದಿರುವುದು, ಬುಕಿಂಗ್ ಸಮಯದಲ್ಲಿ ಕೊಳ್ಳುವವರಿಗೆ ಸಲ್ಲಬೇಕಾದ ದಾಖಲೆಗಳನ್ನು ಒದಗಿಸುವುದು ಮುಂತಾದ ಕರ್ತವ್ಯಗಳನ್ನು ಹೇಳುತ್ತದೆ. ಇವುಗಳನ್ನು ಮೀರಿದರೆ ದಿನಕ್ಕೆ 10,000 ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇ. 5ರವರೆಗೆ ದಂಡ ಬೀಳಬಹುದು. ಆದರೆ ಕಮಿಷನ್ ಎಷ್ಟಿರಬೇಕು, ಅದನ್ನು ಕೊಳ್ಳುವವರಿಗೆ ತಿಳಿಸಬೇಕೇ, ಅವರೊಡನೆ ಹಂಚಿಕೊಳ್ಳಬಹುದೇ ಎಂಬ ಪ್ರಶ್ನೆಗಳಿಗೆ ಕೇಂದ್ರದ ಕಾಯ್ದೆಯಲ್ಲಿ ಉತ್ತರವಿಲ್ಲ. ನಿಷೇಧವಿಲ್ಲದ ಕಾರಣ ಹಂಚಿಕೆ ಕಾನೂನುಬಾಹಿರವಲ್ಲ; ಪ್ರಕಟಣೆಯ ಕಡ್ಡಾಯವಿಲ್ಲದ ಕಾರಣ ಅದು ಬೆಳಕಿಗೆ ಬರುವುದೂ ಇಲ್ಲ.

ಲಕ್ಷ್ಮೀ ನಗರದಂಥ ಬಡಾವಣೆಗಳಿಗೆ ಈ ಕಾಯ್ದೆಯ ಹಿಡಿತ ಇನ್ನೂ ಸಡಿಲ. 500 ಚದರ ಮೀಟರಿಗಿಂತ ಹೆಚ್ಚಿಲ್ಲದ ನಿವೇಶನ ಅಥವಾ ಎಂಟಕ್ಕಿಂತ ಹೆಚ್ಚಿಲ್ಲದ ಮನೆಗಳಿರುವ ಯೋಜನೆಗೆ 3ನೆಯ ಸೆಕ್ಷನ್ ನೋಂದಣಿಯಿಂದ ವಿನಾಯಿತಿ ಕೊಡುತ್ತದೆ. ನೂರು, ಇನ್ನೂರು ಗಜದ ನಿವೇಶನದ ಮೇಲೆ ನಾಲ್ಕು ಮಹಡಿಗೆ ನಾಲ್ಕು ಮನೆ ಕಟ್ಟಿದರೆ ಎರಡು ಅಳತೆಗಳಲ್ಲಿಯೂ ಅದು ಮಿತಿಯೊಳಗೇ ಉಳಿಯುತ್ತದೆ. ಏಜೆಂಟರ ನೋಂದಣಿಯ ಕಟ್ಟುಪಾಡು ನೋಂದಾಯಿತ ಯೋಜನೆಗಳಿಗೆ ಅಂಟಿಕೊಂಡಿರುವುದರಿಂದ, ಬಿಲ್ಡರ್ ಫ್ಲೋರನ್ನೋ ಹಳೆಯ ಮನೆಯನ್ನೋ ಮಾತ್ರ ಮಾರಿಸುವ ಡೀಲರ್ ರೇರಾ ಸಂಖ್ಯೆಯಿಲ್ಲದೆಯೇ ವ್ಯಾಪಾರ ನಡೆಸಬಹುದು. ಹರಿಯಾಣ ಈ ಕೊರತೆಯನ್ನು ಮೊದಲೇ ಗುರುತಿಸಿ, 2008ರಲ್ಲಿಯೇ ಪ್ರಾಪರ್ಟಿ ಡೀಲರ್‌ಗಳ ನಿಯಂತ್ರಣಕ್ಕೆ ಪ್ರತ್ಯೇಕ ಕಾಯ್ದೆ ತಂದು ಪರವಾನಗಿಯನ್ನು ಕಡ್ಡಾಯಗೊಳಿಸಿತು. ಮಹಾರಾಷ್ಟ್ರದ ರೇರಾ ಪ್ರಾಧಿಕಾರ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪ್ರಮಾಣಪತ್ರ ಬೇಕೆಂದು ಆದೇಶಿಸಿತು. ಕರ್ನಾಟಕದ ರೇರಾ ನಿಯಮಗಳು 2017ರ ಜುಲೈನಲ್ಲಿ ಬಂದವು. ಬೆಂಗಳೂರಿನ ಓದುಗರಿಗೂ ಈ ಚಿತ್ರ ಅಪರಿಚಿತವಲ್ಲ: ಹೊಸ ಅಪಾರ್ಟ್‌ಮೆಂಟುಗಳ ಏಜೆಂಟರು ಕಾಯ್ದೆಯೊಳಗೆ, ಹಳೆಯ ಬಡಾವಣೆಗಳ ಸೈಟು ಮತ್ತು ಮನೆಗಳ ಬ್ರೋಕರ್‌ಗಳು ಬಹುಪಾಲು ಅದರ ಹೊರಗೆ.

ರೇರಾ ತಲುಪದ ಕಡೆಯೂ 1872ರ ಕರಾರು ಕಾಯ್ದೆ ಅನ್ವಯಿಸುತ್ತದೆ. ಏಜೆಂಟನು ತನ್ನನ್ನು ನೇಮಿಸಿದವರಿಗೆ ಲೆಕ್ಕ ಒಪ್ಪಿಸಬೇಕು; ಅವರಿಗೆ ತಿಳಿಸದೆ ಅದೇ ವ್ಯವಹಾರದಲ್ಲಿ ಸ್ವಂತ ಲಾಭ ಮಾಡಿಕೊಂಡರೆ ಆ ಲಾಭವನ್ನು ಕೇಳುವ ಹಕ್ಕು ನೇಮಿಸಿದವರಿಗಿದೆ. ಕೊಳ್ಳುವವರಿಂದ ಶುಲ್ಕ ಪಡೆದ ಡೀಲರ್ ಅವರಿಗೆ ಗೊತ್ತಿಲ್ಲದಂತೆ ಬಿಲ್ಡರನಿಂದಲೂ ಹಣ ಪಡೆದಿದ್ದರೆ ಈ ತತ್ತ್ವ ನೇರವಾಗಿ ಎದುರಾಗುತ್ತದೆ. ಆದರೆ ಲಿಖಿತ ನೇಮಕವೇ ಇಲ್ಲದ ಬಾಯಿಮಾತಿನ ಮಾರುಕಟ್ಟೆಯಲ್ಲಿ ಅವನು ಯಾರ ಏಜೆಂಟ್ ಎಂದು ಸಾಧಿಸುವುದೇ ಕಷ್ಟ.

ವಿಮೆ, ಮ್ಯೂಚುವಲ್ ಫಂಡ್ ಕಲಿಸುವ ಪಾಠ

ಕಮಿಷನ್ ಹಂಚಿಕೆಯ ಪ್ರಶ್ನೆಯನ್ನು ಭಾರತ ಬೇರೆ ಕ್ಷೇತ್ರಗಳಲ್ಲಿ ಎದುರಿಸಿ ಎರಡು ಬಗೆಯ ಉತ್ತರ ಕೊಟ್ಟಿದೆ. 1938ರ ವಿಮಾ ಕಾಯ್ದೆಯ 41ನೆಯ ಸೆಕ್ಷನ್, ಪಾಲಿಸಿ ಕೊಳ್ಳಲು ಪ್ರೇರಣೆಯಾಗಿ ಏಜೆಂಟನು ತನ್ನ ಕಮಿಷನ್‌ನಲ್ಲಿ ಪಾಲು ಕೊಡುವುದನ್ನು ನಿಷೇಧಿಸಿದೆ. 2015ರ ತಿದ್ದುಪಡಿ ಇದರ ದಂಡವನ್ನು 10 ಲಕ್ಷ ರೂಪಾಯಿಯವರೆಗೆ ಏರಿಸಿತು. ಆದರೂ ಮೊದಲ ಕಂತಿನಲ್ಲಿ ಏಜೆಂಟರು ಪಾಲು ಬಿಟ್ಟುಕೊಡುವ ರೂಢಿ ಮನೆಮನೆಗೂ ತಿಳಿದ ವಿಷಯ. ಮ್ಯೂಚುವಲ್ ಫಂಡ್ ವಿತರಕರಿಗೂ ಪಾಸ್‌ಬ್ಯಾಕ್ ನಿಷಿದ್ಧ. ಆದರೆ ಆ ಕ್ಷೇತ್ರದ ನಿಯಂತ್ರಕವಾದ ಸೆಬಿ ನಿಷೇಧಕ್ಕೆ ನಿಲ್ಲದೆ, 2009ರ ಆಗಸ್ಟ್‌ನಲ್ಲಿ ಪ್ರವೇಶ ಶುಲ್ಕವನ್ನು ತೆಗೆದುಹಾಕಿತು ಮತ್ತು 2013ರ ಜನವರಿ 1ರಿಂದ ವಿತರಕರ ಕಮಿಷನ್ ಇಲ್ಲದ ‘ಡೈರೆಕ್ಟ್ ಪ್ಲಾನ್’ ಕಡ್ಡಾಯಗೊಳಿಸಿತು. ಕಮಿಷನ್ ಸಹಿತ ಬೆಲೆಯೂ ರಹಿತ ಬೆಲೆಯೂ ಅಕ್ಕಪಕ್ಕದಲ್ಲಿ ಕಾಣಿಸಿದ್ದರಿಂದ ಸಲಹೆ ಬೇಕಾದವರು ಹಣ ಕೊಟ್ಟು ಪಡೆಯಲು, ಬೇಡವಾದವರು ಉಳಿಸಿಕೊಳ್ಳಲು ಸಾಧ್ಯವಾಯಿತು. ಮನೆಯ ಮಾರುಕಟ್ಟೆಯಲ್ಲಿ ನಿಷೇಧವೂ ಇಲ್ಲ, ಈ ಎರಡು ಬೆಲೆಗಳ ಹೋಲಿಕೆಯೂ ಇಲ್ಲ.

ಹೊರದೇಶಗಳ ಅನುಭವ

ಅಮೆರಿಕದಲ್ಲಿ ಮಾರುವವರ ಏಜೆಂಟ್ ತನ್ನ ಕಮಿಷನ್‌ನಿಂದ ಕೊಳ್ಳುವವರ ಏಜೆಂಟನಿಗೂ ಪಾಲು ಕೊಡುವ ಪದ್ಧತಿ ದಶಕಗಳ ಕಾಲ ನಡೆದುಬಂದಿತು; ಒಟ್ಟು ದರ ಶೇ. 5ರಿಂದ 6ರ ಸುತ್ತ ಇರುತ್ತಿತ್ತು. ಕೊಳ್ಳುವವರ ಏಜೆಂಟ್ ತನ್ನ ಪಾಲಿನಲ್ಲಿ ಸ್ವಲ್ಪ ಮರಳಿಸುವುದನ್ನು ಸುಮಾರು ನಲವತ್ತು ರಾಜ್ಯಗಳು ಒಪ್ಪಿದರೆ ಉಳಿದವು ತಡೆದವು. ಇಂತಹ ತಡೆ ಸ್ಪರ್ಧೆಯನ್ನು ಕುಂಠಿತಗೊಳಿಸುತ್ತದೆಂದು ವಾದಿಸಿದ ಅಲ್ಲಿನ ನ್ಯಾಯ ಇಲಾಖೆ 2005ರಲ್ಲಿ ಕೆಂಟಕಿ ರಾಜ್ಯದ ರಿಯಲ್ ಎಸ್ಟೇಟ್ ಆಯೋಗದ ಮೇಲೆ ಮೊಕದ್ದಮೆ ಹೂಡಿತು. ಆಯೋಗ ರಾಜಿಯಾಗಿ ನಿಷೇಧವನ್ನು ಕೈಬಿಟ್ಟಿತು. 2024ರ ಮಾರ್ಚ್‌ನಲ್ಲಿ ಅಲ್ಲಿನ ರಾಷ್ಟ್ರೀಯ ರಿಯಲ್ಟರ್‌ಗಳ ಸಂಘ 41.8 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿದ ಮೇಲೆ, ಅದೇ ವರ್ಷದ ಆಗಸ್ಟ್‌ನಿಂದ ಏಜೆಂಟರು ಮನೆ ತೋರಿಸುವ ಮೊದಲೇ ಕೊಳ್ಳುವವರೊಡನೆ ಶುಲ್ಕದ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಹಾಂಗ್‌ಕಾಂಗ್‌ನಲ್ಲಿ ಹೊಸ ಫ್ಲಾಟುಗಳ ಏಜೆಂಟರು ಕೊಳ್ಳುವವರಿಗೆ ನಗದು ಮರಳಿಸುವುದು ಸಾಮಾನ್ಯವಾಗಿದ್ದು, ಅಂತಹ ಭರವಸೆ ಬರಹದಲ್ಲಿರಬೇಕೆಂದು ಅಲ್ಲಿನ ನಿಯಂತ್ರಕ ಸಂಸ್ಥೆ ಒತ್ತಾಯಿಸುತ್ತದೆ. ಸಿಂಗಪುರ ಇನ್ನೊಂದು ದಾರಿ ಹಿಡಿದು, 2010ರ ಕಾಯ್ದೆಯ ಚೌಕಟ್ಟಿನಲ್ಲಿ ಒಬ್ಬ ಏಜೆಂಟ್ ಒಂದೇ ವ್ಯವಹಾರದ ಎರಡೂ ಕಡೆಯವರನ್ನು ಪ್ರತಿನಿಧಿಸುವುದನ್ನು ನಿಷೇಧಿಸಿತು. ಮೂರೂ ಕಡೆ ಸುಧಾರಣೆ ಹಂಚಿಕೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಬಹಿರಂಗತೆಯನ್ನೂ ಏಜೆಂಟನ ನಿಷ್ಠೆಯನ್ನೂ ಹಿಡಿದು ನಡೆದಿದೆ.

ಪರ, ವಿರೋಧ ವಾದಗಳು

ಹಂಚಿಕೆಯ ಪರವಾಗಿ ನಿಲ್ಲುವವರ ಮುಖ್ಯ ವಾದ ಸ್ಪರ್ಧೆ. ಕೊಳ್ಳುವವರು ಜಾಲತಾಣಗಳಲ್ಲಿ ತಾವೇ ಹುಡುಕಿ, ತಾವೇ ನೋಡಿ ಬಂದ ಮನೆಗೆ, ಕೇವಲ ಹೆಸರು ದಾಖಲಿಸಿದ ದಲ್ಲಾಳಿಗೆ ಮೂರು ಲಕ್ಷ ಸಲ್ಲುವುದು ಅಸಮಂಜಸ. ಶ್ರಮ ಕಡಿಮೆಯಾದಾಗ ಶುಲ್ಕವೂ ಕಡಿಮೆಯಾಗಬೇಕು, ಬಿಲ್ಡರ್ ಅದನ್ನು ಇಳಿಸದಿದ್ದರೆ ಹಂಚಿಕೆಯೇ ಉಳಿದ ದಾರಿ. ಈ ವಾದದಲ್ಲಿ ಹುರುಳಿದೆ. ಆದರೆ ಕೇಳುವವರಿಗೆ ಮಾತ್ರ ಸಿಗುವ ರಿಯಾಯಿತಿ ಕೇಳಲು ಗೊತ್ತಿಲ್ಲದವರ ಪಾಲಿಗೆ ಅನ್ಯಾಯವೇ. ದೆಹಲಿಯ ವ್ಯಾಪಾರದ ಭಾಷೆ ತಿಳಿದ ಸ್ಥಳೀಯ ಹೂಡಿಕೆದಾರ ಪಡೆಯುವುದನ್ನು, ಉದ್ಯೋಗದ ಮೇಲೆ ದಕ್ಷಿಣದಿಂದ ಬಂದು ಮೊದಲ ಬಾರಿಗೆ ಮನೆ ಕೊಳ್ಳುವ ಕನ್ನಡಿಗ ಕುಟುಂಬ ಪಡೆಯಲಾರದು.

ವಿರೋಧಿಗಳ ಮುಖ್ಯ ವಾದ ದಾರಿತಪ್ಪಿಸುವಿಕೆ. ಒಳ್ಳೆಯ ಹೆಸರಿನ ಯೋಜನೆಯೊಂದು ಶೇ. 2, ಮಾರಾಟವಾಗದೆ ನಿಂತ ಮತ್ತೊಂದು ಶೇ. 6 ಕಮಿಷನ್ ಕೊಡುತ್ತಿದ್ದರೆ, ಎರಡನೆಯದರಲ್ಲಿ ಅರ್ಧ ಬಿಟ್ಟುಕೊಟ್ಟರೂ ದಲ್ಲಾಳಿಗೆ ಹೆಚ್ಚು ಉಳಿಯುತ್ತದೆ. ಕೊಳ್ಳುವವರೂ ದೊಡ್ಡ ಪಾಸ್‌ಬ್ಯಾಕ್ ಕಂಡು ಅತ್ತಲೇ ವಾಲುತ್ತಾರೆ. ಇದರ ಅಪಾಯವನ್ನು ಅರಿಯಲು ನೊಯ್ಡಾದ ಇತಿಹಾಸ ಸಾಕು. ಆಮ್ರಪಾಲಿ ಸಮೂಹದ ಯೋಜನೆಗಳಲ್ಲಿ ಹಣ ಕಟ್ಟಿದ ಸಾವಿರಾರು ಕುಟುಂಬಗಳು ವರ್ಷಗಟ್ಟಲೆ ಕಾದ ಮೇಲೆ, 2019ರ ಜುಲೈ 23ರಂದು ಸುಪ್ರೀಂ ಕೋರ್ಟ್ ಆ ಸಮೂಹದ ರೇರಾ ನೋಂದಣಿಯನ್ನು ರದ್ದುಪಡಿಸಿ, ಕಟ್ಟಡಗಳನ್ನು ಪೂರ್ಣಗೊಳಿಸುವ ಹೊಣೆಯನ್ನು ಸರ್ಕಾರಿ ಸಂಸ್ಥೆಯಾದ ಎನ್‌ಬಿಸಿಸಿಗೆ ವಹಿಸಬೇಕಾಯಿತು. ನಿಂತುಹೋದ ಫ್ಲಾಟಿಗೆ ಸಾಲದ ಕಂತು ಕಟ್ಟುತ್ತ ಬಾಡಿಗೆ ಮನೆಯಲ್ಲಿರುವವರಿಗೆ ಒಂದೂವರೆ ಲಕ್ಷದ ರಿಯಾಯಿತಿ ಕೆಲವೇ ತಿಂಗಳ ಬಾಡಿಗೆ.

ಲಕ್ಷ್ಮೀ ನಗರದಲ್ಲಿ ಅಪಾಯದ ರೂಪ ಬೇರೆ. 2010ರ ನವೆಂಬರ್ 15ರ ರಾತ್ರಿ ಇಲ್ಲಿನ ಲಲಿತಾ ಪಾರ್ಕ್‌ನಲ್ಲಿ ಬಹುಮಹಡಿ ಕಟ್ಟಡವೊಂದು ಕುಸಿದು ಸುಮಾರು 70 ಜನ ಸತ್ತರು. ಬಹುಪಾಲು ಬಾಡಿಗೆದಾರರಾದ ಕಾರ್ಮಿಕ ಕುಟುಂಬಗಳು. ಕಟ್ಟಡದ ಬಲ, ಮಂಜೂರಾದ ನಕ್ಷೆ, ನಕ್ಷೆ ಮೀರಿ ಏರಿಸಿದ ಮಹಡಿ, ಹಿಂದಿನ ಮಾರಾಟಗಳ ದಾಖಲೆಸರಣಿ ಇವುಗಳ ಪರಿಶೀಲನೆಯೇ ಇಲ್ಲಿ ದಲ್ಲಾಳಿಯಿಂದ ಸಿಗಬೇಕಾದ ನಿಜವಾದ ಸೇವೆ. ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಅಧಿಕಾರ ಪತ್ರದ ಮೂಲಕ ನಡೆಸುವ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್ 11ರಂದು ತೀರ್ಪು ಕೊಟ್ಟಿದ್ದರೂ, ದೆಹಲಿಯ ಅನೇಕ ಆಸ್ತಿಗಳ ದಾಖಲೆಸರಣಿಯಲ್ಲಿ ಅಂತಹ ಪತ್ರಗಳು ಈಗಲೂ ಸೇರಿಕೊಂಡಿವೆ. ಇವನ್ನು ಪರಿಶೀಲಿಸದ ಡೀಲರನಿಂದ ನಲವತ್ತು ಸಾವಿರ ಉಳಿಸುವುದಕ್ಕಿಂತ, ಪರಿಶೀಲಿಸಿ ಹೊಣೆ ಹೊರುವವನಿಗೆ ಪೂರ್ತಿ ಶುಲ್ಕ ಕೊಡುವುದು ಅಗ್ಗ.

ತೆರಿಗೆ ಮತ್ತು ಸಾಲದ ಲೆಕ್ಕ

ಹಂಚಿಕೆ ಗುಟ್ಟಾಗಿ ನಡೆದರೆ ಅದರ ಭಾರ ಮೊದಲು ದಲ್ಲಾಳಿಯ ಮೇಲೆಯೇ ಬೀಳುತ್ತದೆ. ಒಂದು ಕೋಟಿಯ ಫ್ಲಾಟಿನ ಹಿಂದಿನ ಉದಾಹರಣೆಯಲ್ಲಿ ಬಿಲ್ಡರ್ ಪೂರ್ತಿ 3 ಲಕ್ಷಕ್ಕೂ ಮೂಲದಲ್ಲಿಯೇ ತೆರಿಗೆ ಕಡಿಯುತ್ತಾನೆ. 1961ರ ಆದಾಯ ತೆರಿಗೆ ಕಾಯ್ದೆಯಡಿ ಇದರ ದರ 2024ರ ಅಕ್ಟೋಬರ್ 1ರಿಂದ ಶೇ. 5ರಿಂದ ಶೇ. 2ಕ್ಕೆ ಇಳಿಯಿತು. ಕೊಳ್ಳುವವರಿಗೆ ನಗದಾಗಿ ಕೊಟ್ಟ ಒಂದೂವರೆ ಲಕ್ಷವನ್ನು ವೆಚ್ಚವೆಂದು ತೋರಿಸಲು ದಾಖಲೆಯಿಲ್ಲದಿದ್ದರೆ, ಕೈಯಲ್ಲಿ ಉಳಿಯದ ಹಣಕ್ಕೂ ಅವನು ತೆರಿಗೆ ಕಟ್ಟಬೇಕಾಗುತ್ತದೆ. ಪಡೆದವರಿಗೂ ತೊಡಕು ತಪ್ಪದು: ಪ್ರತಿಫಲವಿಲ್ಲದೆ ವರ್ಷಕ್ಕೆ 50,000 ರೂಪಾಯಿ ಮೀರಿ ಬಂದ ಹಣವನ್ನು ಆದಾಯವೆಂದು ಪರಿಗಣಿಸುವ ಅವಕಾಶ ಕಾನೂನಿನಲ್ಲಿರುವುದರಿಂದ, ಇದು ಮನೆಯ ಬೆಲೆಯಲ್ಲಿ ಆದ ಇಳಿಕೆಯೆಂದು ತೋರಿಸುವ ಬರಹ ಕೈಯಲ್ಲಿರಬೇಕು.

ಬ್ಯಾಂಕಿನ ದೃಷ್ಟಿಯಿಂದಲೂ ಇದು ಸಣ್ಣ ವಿಷಯವಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷ ಮೀರಿದ ಗೃಹಸಾಲ ಆಸ್ತಿಯ ಮೌಲ್ಯದ ಶೇ. 75ನ್ನೂ, 30ರಿಂದ 75 ಲಕ್ಷದ ನಡುವಿನ ಸಾಲ ಶೇ. 80ನ್ನೂ ದಾಟುವಂತಿಲ್ಲ. ಕರಾರಿನಲ್ಲಿ ಒಂದು ಕೋಟಿ ಎಂದಿದ್ದು 80 ಲಕ್ಷ ಸಾಲ ಕೇಳಿದರೆ ಬ್ಯಾಂಕು 75 ಲಕ್ಷಕ್ಕೆ ನಿಲ್ಲುತ್ತದೆ. ಕೊಳ್ಳುವವರು ಹೊಂದಿಸಬೇಕಾದದ್ದು 25 ಲಕ್ಷ. ಪಾಸ್‌ಬ್ಯಾಕ್ ಒಂದೂವರೆ ಲಕ್ಷ ಮರಳಿ ಬಂದರೆ ನಿಜವಾದ ಬೆಲೆ 98.5 ಲಕ್ಷವಾಗಿ, ಸಾಲದ ಪ್ರಮಾಣ ಶೇ. 76ನ್ನು ದಾಟುತ್ತದೆ. ಮುದ್ರಾಂಕ ಶುಲ್ಕವನ್ನು ಮಾತ್ರ ಕರಾರಿನಲ್ಲಿರುವ ಪೂರ್ತಿ ಬೆಲೆಗೆ ಕಟ್ಟಬೇಕಾದ್ದರಿಂದ, ಅದೇ ಹಣವನ್ನು ಬಿಲ್ಡರ್ ಬೆಲೆಯಲ್ಲಿಯೇ ಇಳಿಸಿದ್ದರೆ ಕೊಳ್ಳುವವರಿಗೆ ಇನ್ನಷ್ಟು ಉಳಿಯುತ್ತಿತ್ತು.

ಸಮಾಲೋಚನೆ

ಈ ಸಮೀಕ್ಷೆಯಿಂದ ಹೊರಡುವ ನಿರ್ಣಯ ಒಂದೇ ವಾಕ್ಯದ ಸಮ್ಮತಿಯೂ ಅಲ್ಲ, ನಿಷೇಧವೂ ಅಲ್ಲ. ಕೊಳ್ಳುವವರೇ ಶುಲ್ಕ ಕೊಡುವ ಲಕ್ಷ್ಮೀ ನಗರದ ಮಾರಾಟದಲ್ಲಿ ರಿಯಾಯಿತಿ ಎಂಬುದು ಸಹಜ ಚೌಕಾಸಿ. ಅಲ್ಲಿ ಬೇಕಾದದ್ದು ರಿಯಾಯಿತಿಗೆ ತಡೆಯಲ್ಲ, ಡೀಲರ್ ಕಟ್ಟಡದಲ್ಲಿ ಪಾಲುದಾರನೇ ಎಂಬುದನ್ನು ಬಯಾನಾ ಪತ್ರದಲ್ಲಿಯೇ ಬರೆಸುವ ಕಟ್ಟುಪಾಡು ಮತ್ತು ಸಣ್ಣ ಕಟ್ಟಡಗಳ ದಲ್ಲಾಳಿಗಳನ್ನೂ ಒಳಗೊಳ್ಳುವ ನೋಂದಣಿ. ಬಿಲ್ಡರನೇ ಶುಲ್ಕ ಕೊಡುವ ನೊಯ್ಡಾ, ಗುರುಗ್ರಾಮದ ಮಾರಾಟದಲ್ಲಿ ಪಾಸ್‌ಬ್ಯಾಕ್ ಕೊಳ್ಳುವವರ ಸ್ವಂತ ಹಣದ ಭಾಗಶಃ ವಾಪಸಾತಿ. ಅದನ್ನು ನಿಷೇಧಿಸಿದರೆ ವಿಮೆಯಲ್ಲಿ ಆದಂತೆ ವ್ಯವಹಾರ ಮತ್ತಷ್ಟು ಕತ್ತಲಿಗೆ ಸರಿಯುತ್ತದೆ. ಪ್ರತಿ ಫ್ಲಾಟಿನ ಕರಾರಿನಲ್ಲಿ ಏಜೆಂಟನ ಹೆಸರು, ಅವನಿಗೆ ಸಂದ ಕಮಿಷನ್, ಅದರಲ್ಲಿ ಕೊಳ್ಳುವವರಿಗೆ ಬಂದ ಪಾಲು, ನೇರವಾಗಿ ಕೊಂಡಿದ್ದರೆ ಆಗುತ್ತಿದ್ದ ಬೆಲೆ ಇವಿಷ್ಟನ್ನು ನಮೂದಿಸಬೇಕೆಂದು ರೇರಾ ಪ್ರಾಧಿಕಾರಗಳು ಆದೇಶಿಸಿದರೆ ತೆರಿಗೆ ಇಲಾಖೆಗೂ ಬ್ಯಾಂಕಿಗೂ ಕೊಳ್ಳುವವರಿಗೂ ಒಂದೇ ಲೆಕ್ಕ ಕಾಣುತ್ತದೆ. ಹೆಚ್ಚು ಕಮಿಷನ್ ಕೊಡುವ ಯೋಜನೆ ಏಕೆ ಹೆಚ್ಚು ಕೊಡುತ್ತಿದೆ ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ, ಮತ್ತು ಆ ಪ್ರಶ್ನೆಗೆ ಸಿಗುವ ಉತ್ತರ ಕೊಳ್ಳುವವರಿಗೆ ಯಾವ ಪಾಸ್‌ಬ್ಯಾಕ್‌ಗಿಂತಲೂ ಹೆಚ್ಚು ಬೆಲೆಬಾಳುತ್ತದೆ.